ಚಿಲಕ ಆಚೆಗಿದ್ದ ಪೆಟ್ಟಿಗೆ

“ಗುಂಪು ಆರು, ಮೇಡಂ. ಪೆಟ್ಟಿಗೆ ಏಳು.”

ನಾಗವೇಣಿ ಟೀಚರ್ ಈ ಮಾತನ್ನು ಹೇಳುತ್ತಿದ್ದುದು ಮೂರನೆಯ ಸಲ. ಹೇಳುವಾಗ ಸಬ್ ಇನ್‌ಸ್ಪೆಕ್ಟರ್ ರಾಧಾಮಣಿಯ ಮುಖ ನೋಡಲಿಲ್ಲ. ಕಿಟಕಿಯ ಕೆಳಗಿನ ಉದ್ದ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನೇ ನೋಡುತ್ತಿದ್ದಳು.

ಮಕ್ಕಳು ನೆಲದ ಮೇಲೆ ಕೂತಿದ್ದರು. ನಾಲ್ಕನೆಯ ಕ್ಲಾಸು, ಐದನೆಯ ಕ್ಲಾಸು ಸೇರಿ ಹದಿನೆಂಟು ಜನ. ಯಾರೂ ಪಿಸುಗುಟ್ಟುತ್ತಿರಲಿಲ್ಲ. ರಾಧಾಮಣಿಗೆ ಹಿಡಿಸದಿದ್ದುದು ಅದೇ. ಆ ವಯಸ್ಸಿನ ಹದಿನೆಂಟು ಮಕ್ಕಳು ಒಂದೇ ಕೋಣೆಯಲ್ಲಿ ಹೀಗೆ ಸುಮ್ಮನಿದ್ದಾರೆಂದರೆ ಅವಕ್ಕೆ ಏನೋ ಗೊತ್ತಿದೆ, ಇಲ್ಲವೇ ಏನೋ ಹೆದರಿಕೆ ಹತ್ತಿದೆ.

ತಮಿಳುನಾಡಿನ ಗಡಿಯೊಳಗಿನ ಬಿಳೇಕಲ್ಲು ಕನ್ನಡ ಶಾಲೆಯ ಅಡುಗೆಯಾಕೆ ವೆಂಕಟಲಕ್ಷ್ಮಿ ಮಂಗಳವಾರ ಮಧ್ಯಾಹ್ನ ಈ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು ಬೋರಲು ಹಾಕಿ ಹೊರಟವಳು ಮನೆ ಸೇರಿರಲಿಲ್ಲ. ಕಲ್ಲುಕ್ವಾರಿ ನಡೆಸುವ ದೊಡ್ಡಣ್ಣನ ಮೇಲಿನ ಕೇಸಿನಲ್ಲಿ ಬರುವ ಸೋಮವಾರ ಕೃಷ್ಣಗಿರಿ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿದ್ದವಳು ಅವಳೊಬ್ಬಳೇ. ಇವತ್ತು ಶುಕ್ರವಾರ.

“ಈ ಆಟ ಏನು ಅಂತ ನಂಗೆ ಮೊದ್ಲಿಂದ ಹೇಳಿ ಟೀಚರ್,” ಎಂದಳು ರಾಧಾಮಣಿ.

“ಎಸ್ಕೇಪ್ ರೂಮ್ ಅಂತಾರೆ. ಒಂದು ರೂಮಲ್ಲಿ ನಾಲ್ಕು ಜನಾನ ಕೂಡಿ ಹಾಕೋದು. ಒಳಗೇ ಸುಳಿವು ಇರ್ತವೆ, ಒಗಟು ಇರ್ತವೆ. ಒಂದೊಂದೇ ಬಿಡಿಸ್ಕೊಂಡು, ಬೀಗ ತೆಗ್ದು ಆಚೆ ಬರ್ಬೇಕು. ಆಡೋದು ಸುಲಭ. ಮಾಡೋದು ಕಷ್ಟ. ನಾನು ಇವ್ರಿಗೆ ಮಾಡೋದು ಕಲಿಸ್ತಿದೀನಿ.”

ಜೂನ್ ತಿಂಗಳಿಂದ ಅದೇ ನಡೆದಿತ್ತು. ಮೊದಲು ಕಾಗದದ ಮೇಲೆ ಕೋಣೆಯ ನಕ್ಷೆ. ಆಮೇಲೆ ರಟ್ಟಿನಲ್ಲಿ ಅದರ ಸಣ್ಣ ಮಾದರಿ. ಒಂದು ಗುಂಪಿನ ಪೆಟ್ಟಿಗೆಯನ್ನು ಇನ್ನೊಂದು ಗುಂಪು ಬೆರಳಿನಲ್ಲೇ ಆಡಿ ನೋಡಬೇಕು. ಮಾಡಿದವರು ಬಾಯಿ ಮುಚ್ಚಿಕೊಂಡು, ಆಡುವವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು ಬರೆದುಕೊಳ್ಳಬೇಕು. ಬರೆದುಕೊಂಡು ಮತ್ತೆ ಬದಲಾಯಿಸಬೇಕು. ಎಲ್ಲಕ್ಕಿಂತ ಚೆನ್ನಾದ ಪೆಟ್ಟಿಗೆಯನ್ನು ಬರುವ ವಾರ ಇದೇ ಕ್ಲಾಸಿನಲ್ಲಿ ನಿಜವಾಗಿ ಕಟ್ಟಿ, ಅಪ್ಪ ಅಮ್ಮಂದಿರನ್ನು ಇಪ್ಪತ್ತು ನಿಮಿಷ ಒಳಗೆ ಕೂಡಿಹಾಕುವುದೆಂದು ತೀರ್ಮಾನವಾಗಿತ್ತು.

ಕರಿಹಲಗೆಯ ಮೇಲೆ ಮೂರು ನಿಯಮಗಳಿದ್ದವು. ಮೊದಲ ಸುಳಿವು ಒಳಗಿರುವವರ ಕಣ್ಣಿಗೆ ಬೀಳಬೇಕು. ಒಂದು ಸುಳಿವು ಇನ್ನೊಂದಕ್ಕೆ ದಾರಿ ತೋರಬೇಕು. ಹೊರಗೆ ಬರುವ ದಾರಿ ಇರಲೇಬೇಕು.

“ನಿನ್ನೆ ಸಾಯಂಕಾಲ ನಾನು ಬೀಗ ಹಾಕುವಾಗ ಆರೇ ಇದ್ವು ಅಂದ್ಕೊಂಡಿದ್ದೆ,” ಎಂದಳು ನಾಗವೇಣಿ. “ಬೆಳಗ್ಗೆ ಬಂದು ನೋಡಿದ್ರೆ ಏಳು. ಹೆಸರಿಲ್ಲ, ಗುಂಪಿನ ನಂಬರಿಲ್ಲ. ಒಳಗೆ ಇಣುಕಿ ನೋಡ್ದೆ. ಆಮೇಲೇ ನಿಮಗೆ ಫೋನ್ ಮಾಡಿದ್ದು.”

ರಾಧಾಮಣಿ ಏಳನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಮಕ್ಕಳು ಹೆದರಬಾರದೆಂದು ಅವಳು ಇವತ್ತು ಖಾಕಿ ಬಿಟ್ಟು ಹತ್ತಿ ಸೀರೆ ಉಟ್ಟು ಬಂದಿದ್ದಳು. ಮಕ್ಕಳು ಸೀರೆಗೆ ಮೋಸ ಹೋಗಿರಲಿಲ್ಲ.

ಪೆಟ್ಟಿಗೆಯೊಳಗೆ ಕಲ್ಲುಚಪ್ಪಡಿಯ ಗೋಡೆ, ಪೆನ್ಸಿಲಿನಲ್ಲಿ ಗೆರೆ ಎಳೆದದ್ದು. ಕೆಳಕ್ಕೆ ಇಳಿಯುವ ಮೂರು ಮೆಟ್ಟಿಲು. ಮೇಲೆ ಸೂರಿನ ಹತ್ತಿರ ಬೆರಳು ತೂರುವಷ್ಟು ಒಂದು ಬೆಳಕಿಂಡಿ. ಒಂದು ತಗಡಿನ ಬಾಗಿಲು. ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತ ಹೆಬ್ಬೆರಳಿನಷ್ಟು ಮಣ್ಣಿನ ಗೊಂಬೆ. ಗೊಂಬೆಗೆ ಬಟ್ಟೆ ಸುತ್ತಿದ್ದರು. ಬಾಳೆಎಲೆ ಹಸಿರು, ಅದರ ಮೇಲೆ ಸಾಸಿವೆಯಷ್ಟು ಬಿಳಿ ಹೂವು.

“ಅದು ನಮ್ ಅಡುಗೆ ಲಕ್ಷ್ಮಕ್ಕನ ಸೀರೆ,” ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

“ಯಾರದು ಹೇಳಿದ್ದು? ಮುಂದೆ ಬಾ.”

ಬಂದವಳು ರಮಾದೇವಿ. ಹತ್ತು ವರ್ಷದ ಹುಡುಗಿ, ಎರಡು ಬಿಗಿ ಜಡೆ. ಅವಳ ಹಿಂದೆಯೇ, ಯಾರೂ ಕರೆಯದಿದ್ದರೂ, ಅವಳ ಗುಂಪಿನ ಮಾದೇಶನೂ ಬಂದ.

“ಮಂಗಳ್ವಾರ ಉಟ್ಕೊಂಡಿದ್ರು. ನಂಗೆ ಎರಡು ಸಲ ಮೊಟ್ಟೆ ಹಾಕಿದ್ರು, ಅದ್ಕೆ ಗ್ಯಾಪ್ಕ ಐತೆ.”

“ರಮಾ, ಬೇರೆ ಗುಂಪಿನ ಪೆಟ್ಟಿಗೆ ಹೆಂಗೆ ನೋಡ್ತೀಯೋ ಹಂಗೇ ಇದನ್ನೂ ನೋಡಿ ನಂಗೆ ಹೇಳು. ಏನು ತಪ್ಪಿದೆ, ಏನು ಸರಿ ಇದೆ.”

ರಮಾದೇವಿ ಟೀಚರ್ ಕಡೆ ನೋಡಿದಳು. ಟೀಚರ್ ತಲೆಯಾಡಿಸಿದಳು. ಹುಡುಗಿ ಬೆಂಚಿಗೆ ಗಲ್ಲ ಆನಿಸಿ, ಒಂದು ಕಣ್ಣು ಮುಚ್ಚಿ, ಬಾಗಿಲಿನಿಂದ ಶುರುಮಾಡಿ ಗೋಡೆ ಗೋಡೆಯನ್ನೂ ಹುಡುಕಿದಳು. ಬೆರಳನ್ನು ಮೆಟ್ಟಿಲಿನ ಮೇಲೆ ನಡೆಸಿದಳು. ಗೊಂಬೆಯನ್ನು ಮಾತ್ರ ಮುಟ್ಟಲಿಲ್ಲ.

“ಮಿಸ್, ಇದ್ರಲ್ಲಿ ಚಿಲಕ ಆಚೆ ಐತೆ.”

“ಹೂಂ,” ಎಂದಳು ಟೀಚರ್.

“ಒಳಗಡೆ ಸುಳಿವೇ ಇಲ್ಲ. ಗೋಡೆ ಮೇಲೆ ನಂಬರ್ ಇಲ್ಲ, ಚೀಟಿ ಇಲ್ಲ, ಕೀ ಇಲ್ಲ. ಇದು ಆಟ ಅಲ್ಲ ಮಿಸ್. ಒಳಗಿರೋರ್ಗೆ ಏನೂ ಕೊಟ್ಟಿಲ್ಲ.”

ಯಾವುದೋ ಒಂದು ಮಗು ಕೆಮ್ಮಿತು. ಹನ್ನೊಂದು ವರ್ಷದ ನೌಕರಿಯಲ್ಲಿ ರಾಧಾಮಣಿ ಎಷ್ಟೋ ಪಂಚನಾಮೆ ಓದಿದ್ದಳು. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ.

“ಇದು ನಮ್ಮೋರು ಮಾಡಿದ್ದಲ್ಲ,” ಎಂದ ಮಾದೇಶ. “ತಗಡು ಮುಟ್ಟೋಕೆ ಮಿಸ್ ಬಿಡಕ್ಕಿಲ್ಲ. ಕೈ ಕುಯ್ಕೊಂತೀರ ಅಂತಾರೆ. ಇದು ನೋಡಿ, ಕುಯ್ಯದೇ ಇಲ್ಲ.”

ಅವನು ತಗಡಿನ ಬಾಗಿಲಿನ ಅಂಚಿನುದ್ದಕ್ಕೂ ತೋರುಬೆರಳು ಎಳೆದು ತೋರಿಸಿದ. ರಾಧಾಮಣಿಯೂ ಎಳೆದು ನೋಡಿದಳು. ಕತ್ತರಿಸಿದ ತಗಡಿನ ಅಂಚು ಗಾಜಿನ ಲೋಟದ ಬಾಯಿಯಂತೆ ನುಣುಪಾಗಿತ್ತು. ಯಾರೋ ಕೂತು, ಅರ ಹಿಡಿದು, ತಾಳ್ಮೆಯಿಂದ ಉಜ್ಜಿದ್ದರು.

ಹೆದರಿಸಲು ಬಂದವನು ಅಂಚು ಉಜ್ಜುವುದಿಲ್ಲ. ಈ ಪೆಟ್ಟಿಗೆಗೆ ಮಕ್ಕಳ ಕೈ ಹೋಗುತ್ತದೆ ಎಂದು ಗೊತ್ತಿದ್ದವನು, ಆ ಕೈ ಕೊಯ್ಯಬಾರದು ಎಂದುಕೊಂಡವನು ಉಜ್ಜುತ್ತಾನೆ.

ಅವಳು ಎದ್ದು ನಾಗವೇಣಿಯನ್ನು ಬಾಗಿಲ ಹತ್ತಿರ ಕರೆದಳು.

“ನಿನ್ನೆ ಸಾಯಂಕಾಲ ಇಲ್ಲಿಗೆ ಯಾರು ಯಾರು ಬಂದಿದ್ರು?”

“ಇಬ್ಬರು. ದೊಡ್ಡಣ್ಣ ಬಂದಿದ್ರು. ಮಕ್ಕಳ ಆಟ ನೋಡ್ಬೇಕು ಅಂದ್ರು. ಒಂದೊಂದು ಪೆಟ್ಟಿಗೇನೂ ಬಗ್ಗಿ ಬಗ್ಗಿ ನೋಡಿದ್ರು. ‘ಒಳಗೆ ಹೋದೋರು ಆಚೆ ಬರ್ಲೇಬೇಕು ಅಂತ ಯಾಕೆ ರೂಲು ಇಟ್ಟೀದಿಯವ್ವ’ ಅಂತ ನಗಾಡಿದ್ರು.” ನಾಗವೇಣಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ಇನ್ನೊಬ್ಬರು ಲಕ್ಷ್ಮಕ್ಕನ ತಮ್ಮ, ಮುರಳಿಕೃಷ್ಣ. ರಟ್ಟು ತಂದು ಹಾಕಿ ಹೋದ್ರು. ಜೂನ್‌ನಿಂದ ಅವರೇ ತಂದುಕೊಡೋದು. ಹೊಸೂರಿನ ಕಂಪನೀಲಿ ಟೂಲ್ ರೂಮಲ್ಲಿ ಕಬ್ಬಿಣ ಕತ್ತರಿಸೋ, ಅರ ಹಿಡಿಯೋ ಕೆಲಸ.”

ಟೂಲ್ ರೂಮ್. ರಾಧಾಮಣಿ ಇನ್ನೊಮ್ಮೆ ಬೆರಳ ತುದಿಯನ್ನು ಹೆಬ್ಬೆರಳಿಗೆ ಉಜ್ಜಿಕೊಂಡಳು. ವೆಂಕಟಲಕ್ಷ್ಮಿ ಇದ್ದುದೂ ತಮ್ಮನ ಮನೆಯಲ್ಲೇ. ಅವಳ ಸೀರೆಯಿಂದ ಕತ್ತರಿಸಿ ಉಳಿದ ರವಿಕೆ ತುಂಡು ಆ ಮನೆಯಲ್ಲದೆ ಇನ್ನೆಲ್ಲಿ ಸಿಗಬೇಕು.

ಅಕ್ಕ ಕಾಣೆಯಾಗಿ ಮೂರು ದಿನವಾದರೂ ಆ ಮನುಷ್ಯ ಒಂದು ಸಲವೂ ಸ್ಟೇಷನ್ ಮೆಟ್ಟಿಲು ಹತ್ತಿರಲಿಲ್ಲ. ದೂರು ಕೊಟ್ಟಿದ್ದು ಈ ಟೀಚರ್.

*

ಮುರಳಿಕೃಷ್ಣ ಗುಮ್ಮಳಾಪುರದ ಬಸ್ ಸ್ಟಾಪಿನಲ್ಲಿ ಸಿಕ್ಕಿದ. ಎರಡನೆಯ ಶಿಫ್ಟಿನ ಕಂಪನಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಮೂವತ್ತರ ಆಸುಪಾಸಿನ ತೆಳ್ಳಗಿನ ಆಳು, ನೀಲಿ ಯೂನಿಫಾರ್ಮು, ಕೈಯಲ್ಲಿ ಊಟದ ಡಬ್ಬಿ. ರಾಧಾಮಣಿ ಜೀಪನ್ನು ದೂರದಲ್ಲೇ ನಿಲ್ಲಿಸಿ, ಓಡಿಸುತ್ತಿದ್ದ ಕಾನ್‌ಸ್ಟೆಬಲ್ ಕುಮಾರೇಶನನ್ನು ಅಲ್ಲೇ ಇರಲು ಹೇಳಿ, ನಡೆದುಕೊಂಡು ಬಂದು ಅವನ ಪಕ್ಕದ ಕಲ್ಲಿನ ಮೇಲೆ ಕೂತಳು. ಬಸ್ಸಿಗೆ ಕಾಯುವ ಯಾರೋ ಹೆಂಗಸಿನ ಹಾಗೆ.

“ಅಂಚು ಚೆನ್ನಾಗಿ ಉಜ್ಜಿದ್ದೀಯ,” ಎಂದಳು, ರಸ್ತೆಯ ಕಡೆ ನೋಡುತ್ತ.

ಅವನು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡ.

“ಏನ್ ಮೇಡಂ?”

“ಪೆಟ್ಟಿಗೆ ಬಾಗಿಲು. ಮಕ್ಕಳ ಕೈ ಕುಯ್ಯಲಿಲ್ಲ.”

“ನಂಗೆ ಗೊತ್ತಿಲ್ಲ. ನಾನು ರಟ್ಟು ಕೊಟ್ಟು ಬತ್ತೀನಿ ಅಷ್ಟೇಯ.”

“ಅಕ್ಕನ ರವಿಕೆ ತುಂಡು ನಿಮ್ಮ ಮನೆ ಟ್ರಂಕಲ್ಲಿ ಇನ್ನೂ ಇರ್ಬೇಕು. ನೋಡೋಣ ಬರ್ತೀಯಾ?”

“ಬರಲ್ಲ. ನನ್ನ ಪಾಡಿಗೆ ಬಿಟ್ಬುಡಿ. ಬಸ್ಸು ಬತ್ತದೆ.”

“ನಿನ್ನ ಅಕ್ಕ ಎಲ್ಲಿದ್ದಾಳೆ ಅಂತ ನಿಂಗೆ ಗೊತ್ತು. ನನ್ನ ಹತ್ರ ಬರೋದು ಬಿಟ್ಟು ಹತ್ತು ವರ್ಷದ ಮಕ್ಕಳ ಮುಂದೆ ಹೋಗಿ ಇಟ್ಟಿದ್ದೀಯ. ಯಾಕೆ?”

ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಟೀ ಅಂಗಡಿಯ ಮುಂದೆ ಇಬ್ಬರು ನಿಂತಿದ್ದರು; ಅವನು ಅವರ ಕಡೆ ನೋಡಿ, ಜೀಪಿನ ಕಡೆ ನೋಡಿ, ಕೊನೆಗೆ ಮೊದಲ ಸಲ ಅವಳ ಮುಖ ನೋಡಿದ.

“ಬುಧವಾರ ಮಧ್ಯಾಹ್ನ ನೀವು ಎಲ್ಲಿದ್ರಿ?”

ಪ್ರಶ್ನೆ ಕೇಳುವುದು ಅವಳ ಕೆಲಸ. ಆದರೂ ಉತ್ತರ ಕೊಟ್ಟಳು. “ಕೃಷ್ಣಗಿರೀಲಿ. ಕೋರ್ಟಲ್ಲಿ. ಬೆಳಗ್ಗಿಂದ ಐದರ ತನಕ. ಯಾಕೆ?”

ಮುರಳಿ ತುಟಿ ಅಲುಗಿಸದಂತೆ, ಪಕ್ಕದವರಿಗೂ ಕೇಳಿಸದಂತೆ ಹೇಳತೊಡಗಿದ.

“ಹೋದ್ ತಿಂಗ್ಳು ಯಾರೋ ಫೋನ್ ಮಾಡಿದ್ರು. ರಾಯಕೋಟೆ ಕಡೆ ನಿಂತೋಗಿರೋ ಒಂದು ಕ್ವಾರಿ. ಅದ್ರಲ್ಲಿ ಹಳೇ ಮದ್ದಿನ ಮನೆ ಐತೆ, ಬಂಡೆ ಸಿಡಿಸೋ ಮದ್ದು ಇಡ್ತಿದ್ರಲ್ಲ, ಅದು. ಕಬ್ಬಿಣದ ಬಾಗ್ಲು ಮಾಡಿ ಕೂರಿಸ್ಬೇಕು ಅಂದ್ರು. ಭಾನುವಾರ ಹೋಗಿ ಕೂರಿಸ್ಬುಟ್ಟು ಬಂದೆ. ಗೊಬ್ಬರ ಇಡಾಕೆ ಅಂದ್ಕೊಂಡೆ. ಚಿಲಕ ಆಚೆ ಮಾತ್ರ ಸಾಕು ಅಂದ್ರು. ನಾನೇ ವೆಲ್ಡ್ ಮಾಡಿದ್ದು ಮೇಡಂ. ಈ ಕೈನಾಗೆ.”

“ಆಮೇಲೆ?”

“ಮಂಗಳ್ವಾರ ಅಕ್ಕ ಬರ್ಲಿಲ್ಲ. ಬುಧವಾರ ಬೆಳಗ್ಗೆ ಫೋನಿಗೆ ಫೋಟೋ ಬಂತು. ಅಕ್ಕ ಕೂತವ್ಳೆ. ಹಿಂದೆ ಬಾಗ್ಲು. ನನ್ನ ವೆಲ್ಡು ನಂಗೆ ಗೊತ್ತಾಗಲ್ವಾ. ಸೋಮವಾರದ ತಂಕ ಬಾಯಿ ಮುಚ್ಕೊಂಡಿದ್ರೆ ಬತ್ತಾಳೆ ಅಂತ ಬರ್ದಿತ್ತು.”

“ಹೋಗಿ ನೋಡಲಿಲ್ವಾ?”

“ಹೋಗ್ದೆ ಇರ್ತೀನಾ. ಶಿಫ್ಟಿಗೆ ಎರಡು ದಿನ ರಜ ಹಾಕಿ, ಅವತ್ತೇ ಮಧ್ಯಾಹ್ನ ಬೈಕಲ್ಲಿ ಹೋದೆ. ಬಂಡೆ ಮೇಲೆ ಮಲ್ಕೊಂಡು ನೋಡ್ದೆ. ಮದ್ದಿನ ಮನೆಯಿಂದ ಒಬ್ರು ಆಚೆ ಬಂದ್ರು. ದೂರ, ಮುಖ ಕಾಣ್ಲಿಲ್ಲ. ಬಟ್ಟೆ ಕಾಣ್ತು.” ಅವನು ಮತ್ತೆ ಜೀಪಿನ ಕಡೆ ನೋಡಿದ. “ಖಾಕಿ.”

ದೂರದ ತಿರುವಿನಲ್ಲಿ ಕಂಪನಿ ಬಸ್ಸಿನ ಹಾರ್ನು ಕೇಳಿಸಿತು.

“ಸ್ಟೇಷನ್‌ಗೆ ಹೆಂಗ್ ಬರ್ಲಿ ಹೇಳಿ. ದೊಡ್ಡಣ್ಣನ ಹತ್ರ ಹೋಗ್ಲಾ, ಊರೋರ ಹತ್ರ ಹೋಗ್ಲಾ. ಆ ಮಕ್ಳು ಏನ್ ನೋಡಿದ್ರೂ ಅರ್ಥ ಮಾಡ್ಕೊಂತವೆ. ಕ್ವಾರಿ ಮದ್ದಿನ ಮನೆ ಅಂತ ಗುರುತು ಹಿಡ್ದು ಟೀಚರಮ್ಮ ನಾಲ್ಕು ಜನಾನ ಕಟ್ಕೊಂಡು ಹೋಯ್ತಾರೇನೋ ಅಂದ್ಕೊಂಡೆ. ನಿಮ್ಮನ್ನ ಕರೀತಾರೆ ಅಂತ ಗೊತ್ತಿದ್ರೆ ಇಡ್ತಾನೇ ಇರ್ಲಿಲ್ಲ.”

ಅವನು ಏಳಲು ಹೊರಟ. “ನಾನೂ ಬತ್ತೀನಿ.”

“ಬೇಡ. ಬಸ್ ಹತ್ತು. ಕಾರ್ಡ್ ಪಂಚ್ ಮಾಡು, ಮೆಷಿನ್ ಮುಂದೆ ನಿಲ್ಲು. ನಿನ್ನನ್ನ ಯಾರೋ ನೋಡ್ತಿದ್ರೆ, ನೀನು ಕೆಲಸಕ್ಕೆ ಹೋಗಿರೋದನ್ನೇ ನೋಡ್ಲಿ.”

ಬಸ್ಸು ಬಂದು ನಿಂತಿತು. ಅವನು ಹತ್ತಿದ. ಕಿಟಕಿಯಲ್ಲಿ ಅವನ ಮುಖ ಒಂದು ಕ್ಷಣ ಕಂಡಿತು. ಅಕ್ಕನನ್ನು ಅವನು ಈ ಪೊಲೀಸಿನವಳ ಕೈಗೆ ಒಪ್ಪಿಸಿದ್ದು ನಂಬಿಕೆಯಿಂದಲ್ಲ, ಬೇರೆ ದಾರಿ ಕಾಣದೆ. ಅದು ರಾಧಾಮಣಿಗೆ ಚೆನ್ನಾಗಿಯೇ ಗೊತ್ತಾಯಿತು.

*

ರಾಯಕೋಟೆ ಅವಳ ಸರಹದ್ದಲ್ಲ. ಅಲ್ಲಿನವರಿಗೆ ಒಂದು ಮಾತು ತಿಳಿಸಿ ಹೋಗಬೇಕಾದ್ದು ಪದ್ಧತಿ. ಫೋನನ್ನು ಎರಡು ಸಲ ಕೈಗೆ ತೆಗೆದುಕೊಂಡಳು, ಎರಡು ಸಲವೂ ಕೆಳಗಿಟ್ಟಳು. ಖಾಕಿ ಅಂದಿದ್ದ ಅವನು. ಯಾವ ಸ್ಟೇಷನ್ನಿನ ಖಾಕಿ ಎಂದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಕುಮಾರೇಶ ಮಾತಿಲ್ಲದೆ ಜೀಪು ಓಡಿಸಿದ. ಅವನು ಒಮ್ಮೆಯೂ ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಅದು ಅವಳಿಗೆ ಹಿತವಾಗಿರುತ್ತಿತ್ತು.

ಮೂರೂವರೆ ಹೊತ್ತಿಗೆ ಮುರಳಿ ಹೇಳಿದ ಜಾಗ ಸಿಕ್ಕಿತು. ದೂರದಲ್ಲಿ ರಾಯಕೋಟೆಯ ಕೋಟೆಬೆಟ್ಟ ಬಿಸಿಲಿಗೆ ಬಿಳಿಚಿಕೊಂಡಿತ್ತು. ಟೊಮೆಟೊ ತೋಟಗಳು ಮುಗಿದು ಜಾಲಿಗಿಡಗಳು ಶುರುವಾದ ಕಡೆ ರಸ್ತೆ ಕೊನೆಯಾಗಿತ್ತು. ಕುಮಾರೇಶನನ್ನು ಜೀಪಿನಲ್ಲೇ ಬಿಟ್ಟು ಅವಳು ಇಳಿದಳು.

ಕ್ವಾರಿ ಎಂದೋ ನಿಂತುಹೋಗಿತ್ತು. ಬಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದು ತೆಗೆದ ಹೊಂಡ. ತಳದಲ್ಲಿ ಪಾಚಿಗಟ್ಟಿದ ಹಸಿರು ನೀರು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕಾಲಿಗೆ ಸಿಕ್ಕಿದ ಜಲ್ಲಿ ಉರುಳಿ ನೀರಿಗೆ ಬಿದ್ದರೆ, ಆ ಸದ್ದು ನಾಲ್ಕೂ ಗೋಡೆಗೆ ಬಡಿದು ನಿಧಾನವಾಗಿ ಹಿಂದಕ್ಕೆ ಬರುತ್ತಿತ್ತು.

ಹೊಂಡದ ಆ ಬದಿಯಲ್ಲಿ, ನೆಲದೊಳಕ್ಕೆ ಅರ್ಧ ಹುದುಗಿದ ಕಲ್ಲುಚಪ್ಪಡಿಯ ಕೋಣೆ. ಮೂರು ಮೆಟ್ಟಿಲು. ಸೂರಿನ ಹತ್ತಿರ ಬೆಳಕಿಂಡಿ. ಕಬ್ಬಿಣದ ಬಾಗಿಲು.

ಅವಳು ಸೆರಗು ಬಿಗಿದು, ಸೊಂಟದ ಚೀಲದಲ್ಲಿದ್ದ ಪಿಸ್ತೂಲಿನ ಮೇಲೆ ಕೈಯಿಟ್ಟು ಕೆಳಗಿಳಿದಳು. ಹೊರಗಿನ ಚಿಲಕ ಹಾಕಿತ್ತು. ಆದರೆ ಅದಕ್ಕೆ ಬೀಗ ಇರಲಿಲ್ಲ. ಬೀಗ ಹಾಕುವ ಬಳೆಯಲ್ಲಿ ಜೇಡನ ಬಲೆ ಹಾಗೇ ಇತ್ತು. ಅಲ್ಲಿ ಯಾರೂ ಎಂದೂ ಬೀಗ ಹಾಕಿರಲಿಲ್ಲ.

ಮನಸ್ಸಿಗೆ ಅದು ಸರಿಬರಲಿಲ್ಲ. ಹೆದರಿಸಿ ಎಳೆತಂದವಳನ್ನು ಬೀಗವಿಲ್ಲದೆ ಯಾರು ಬಿಟ್ಟುಹೋಗುತ್ತಾರೆ.

ಚಿಲಕ ಸರಿಸಿ ಬಾಗಿಲು ತಳ್ಳಿದಳು.

ಒಳಗೆ ಚಾಪೆ, ನೀರಿನ ಕೊಡ, ಬನ್ನಿನ ಪೊಟ್ಟಣ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡಿನ ಆಚೆ, ಹಸಿರು ಸೀರೆಯ ಹೆಂಗಸು ಎದ್ದು ನಿಂತಳು. ವೆಂಕಟಲಕ್ಷ್ಮಿ. ಮೈಮೇಲೆ ಗಾಯವಿರಲಿಲ್ಲ, ಕೈಕಾಲಿಗೆ ಹಗ್ಗವಿರಲಿಲ್ಲ.

“ಲಕ್ಷ್ಮಕ್ಕ. ನಾನು ರಾಧಾಮಣಿ. ಬಾ, ಹೋಗೋಣ.”

ವೆಂಕಟಲಕ್ಷ್ಮಿ ಮುಂದೆ ಬರಲಿಲ್ಲ. ಬೆನ್ನು ಗೋಡೆಗೆ ತಗಲುವ ತನಕ ಹಿಂದಕ್ಕೆ ಹೋದಳು.

“ಅಲ್ಲೇ ನಿಲ್ಲವ್ವ.”

“ನನ್ನ ಗುರುತು ಸಿಗಲಿಲ್ವಾ? ಹೋದ ವರ್ಷ ನಿನ್ನ ಹೇಳಿಕೆ ಬರ್ಕೊಂಡೋಳು ನಾನೇ.”

“ಸಿಕ್ತು. ಅದ್ಕೇ ಹೇಳ್ತಿವ್ನಿ, ಅಲ್ಲೇ ನಿಲ್ಲಿ.”

“ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಯಾರು?”

“ನೀವು ಕಳ್ಸಿದೋರು. ಒಬ್ರು ಪೊಲೀಸಮ್ಮ, ಮುಖಕ್ಕೆ ಮಾಸ್ಕ್ ಹಾಕಿದ್ರು. ನಿಮ್ಮ ಚೀಟಿ ಕೊಟ್ರು. ದೊಡ್ಡಣ್ಣನ ಕಡೆಯೋರು ನನ್ನ ಕೊಂದಾಕ್ತಾರೆ, ಸೋಮವಾರದ ತಂಕ ಬಚ್ಚಿಟ್ಕೊಂಡಿರು ಅಂತ ಇತ್ತು. ರೆಕಾರ್ಡಿಗೆ ಅಂತ ಫೋಟೋ ಹಿಡ್ಕೊಂಡ್ರು. ನಾನಾಗೇ ಬಂದು ಕೂತಿರೋದವ್ವ. ಚಿಲಕ ಹಾಕಿ ಅಂತ ಹೇಳಿದ್ದೂ ನಾನೇಯ.”

“ನಾನು ಯಾವ ಚೀಟೀನೂ ಕಳಿಸಿಲ್ಲ.”

ವೆಂಕಟಲಕ್ಷ್ಮಿ ರವಿಕೆಯೊಳಗಿಂದ ಎರಡು ಕಾಗದ ತೆಗೆದು, ಹತ್ತಿರ ಬಾರದೆ, ಬಿಸಿಲಿನ ತುಂಡಿನೊಳಕ್ಕೆ ಎಸೆದಳು.

ರಾಧಾಮಣಿ ಬಗ್ಗಿ ಎತ್ತಿಕೊಂಡಳು. ಮೊದಲನೆಯದು ಮಂಗಳವಾರದ್ದು. ಅದನ್ನು ಪೂರ್ತಿ ಓದುವ ಮೊದಲೇ ಅವಳ ಕಣ್ಣು ಅಕ್ಷರಗಳ ಮೇಲೆ ನಿಂತುಹೋಯಿತು. ಉದ್ದಕ್ಕೆ ಎಳೆದ ಕೊಂಬು, ಬಲಕ್ಕೆ ವಾಲಿದ ಸಾಲು, ಹೆಸರಿನ ಕೊನೆಯಲ್ಲಿ ಮೇಲಕ್ಕೆ ಹಾರುವ ಗುಡಿಸು. ಅವಳದೇ ಕನ್ನಡ ಕೈಬರಹ. ಯಾರಾದರೂ ಕೋರ್ಟಿನಲ್ಲಿ ತೋರಿಸಿ ಕೇಳಿದ್ದರೆ ಹೌದು ಎಂದುಬಿಡುತ್ತಿದ್ದಳು.

ಸ್ಟೇಷನ್ನಿನ ಕಾಗದಪತ್ರವೆಲ್ಲ ತಮಿಳಿನಲ್ಲಿ. ಸಹಿಯೂ ತಮಿಳಿನಲ್ಲೇ. ರಾಧಾಮಣಿ ಕನ್ನಡದಲ್ಲಿ ಬರೆಯುತ್ತಿದ್ದುದು ಒಂದೇ ಕಡೆ, ಮತ್ತಿಗಿರಿಯ ತನ್ನ ಮನೆಯಲ್ಲಿ. ಆ ಅಕ್ಷರ ಕಂಡಿರಬಹುದಾದವರು ಆ ಮನೆಯೊಳಕ್ಕೆ ಬಂದವರು ಮಾತ್ರ.

ಎರಡನೆಯ ಚೀಟಿಯಲ್ಲಿ ಎರಡೇ ಸಾಲು ಇತ್ತು. “ಇವತ್ತು ಮಧ್ಯಾಹ್ನ ನಾನೇ ಬಂದು ಕರೆಯುತ್ತೇನೆ. ಆಗಲೂ ಬರಬೇಡಿ.”

“ಇದು ಯಾವಾಗ ಬಂತು?”

“ಇವತ್ತು ಹೊತ್ತುಟ್ಟೋ ಟೈಮಿಗೆ. ಬಾಗ್ಲ ಸಂದೀಲಿ ತೂರಿಸ್ಬುಟ್ಟು ಹೋದ್ರು.”

ಹೊತ್ತು ಹುಟ್ಟುವಾಗ ನಾಗವೇಣಿಯ ಫೋನ್ ಇನ್ನೂ ಬಂದಿರಲಿಲ್ಲ. ಇಂಥದೊಂದು ಕೋಣೆ ಇದೆಯೆಂದು ರಾಧಾಮಣಿಗೇ ಗೊತ್ತಿರಲಿಲ್ಲ. ಅವಳು ಆ ಹೊತ್ತಿಗೆ ಮನೆಯಲ್ಲಿ ನಿದ್ದೆಯಲ್ಲಿದ್ದಳು.

ಗೋಡೆಗೆ ಒತ್ತಿಕೊಂಡಿದ್ದ ಹೆಂಗಸು ಅವಳ ಮುಖವನ್ನೇ ನೋಡುತ್ತಿದ್ದಳು.

“ಬರ್ದೋರು ನೀವಾ, ಬಂದಿರೋರು ನೀವಾ?” ಎಂದು ಕೇಳಿದಳು. “ಯಾವ್ದೋ ಒಂದು ಹೇಳಿ. ಎರಡೂ ನೀವೇ ಆಗಿದ್ರೆ ನಾನು ಇಲ್ಲಿಂದ ಕದಲಾಕಿಲ್ಲ.”